ಎದ್ದು ಓಡಿದ ನಾಯಿಯ ಹೊಟ್ಟೆಯೊಳಗೆ

ಗಾಡಿ ಬಡಿದ ನಾಯಿ ಕುಂಯ್‌ಗುಟ್ಟುತ್ತ ಎದ್ದು ಓಡಿತೆಂದರೆ ಸುತ್ತ ನಿಂತವರಿಗೆ ಸಮಾಧಾನ. ‘ಸದ್ಯ, ಏನೂ ಆಗಿಲ್ಲ’ ಎಂದು ಒಬ್ಬೊಬ್ಬರೇ ಚದುರುತ್ತಾರೆ. ಮೈಮೇಲೆ ಗಾಯವಿಲ್ಲ, ರಸ್ತೆಯ ಮೇಲೆ ರಕ್ತದ ಕಲೆಯಿಲ್ಲ, ನಾಲ್ಕೂ ಕಾಲು ನೆಟ್ಟಗಿವೆ. ಎರಡು ಮೂರು ಗಂಟೆ ಕಳೆಯುವಷ್ಟರಲ್ಲಿ ಅದೇ ನಾಯಿ ನಿಂತ ಕಾರಿನಡಿಯಲ್ಲೋ ಜಗಲಿಯ ಮೂಲೆಯಲ್ಲೋ ಮುದುಡಿ ಮಲಗಿರುತ್ತದೆ. ಕರೆದರೆ ಬಾಲ ಅಲ್ಲಾಡುವುದಿಲ್ಲ, ಬಿಸ್ಕತ್ತು ಹಾಕಿದರೆ ಮೂಸಿಯೂ ನೋಡುವುದಿಲ್ಲ. ನೋವಿಗೆ ಮಲಗಿದೆ, ನಾಳೆ ಸರಿಹೋಗುತ್ತದೆ ಎಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸತ್ತಿರುವುದೂ ಉಂಟು.

ಇಂಥ ಎಷ್ಟೋ ಸಾವುಗಳಿಗೆ ಕಾರಣ ಹೊಟ್ಟೆಯೊಳಗಿನ ರಕ್ತಸ್ರಾವ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸೋರೆನ್ ಬಾಯ್ಸನ್ ಮತ್ತು ಸಂಗಡಿಗರು ವಾಹನ ಬಡಿದು ಆಸ್ಪತ್ರೆಗೆ ಬಂದ 100 ನಾಯಿಗಳ ಹೊಟ್ಟೆಯನ್ನು ಅಲ್ಟ್ರಾಸೌಂಡ್ ಇಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 45 ನಾಯಿಗಳ ಹೊಟ್ಟೆಯಲ್ಲಿ ಇರಬಾರದ ದ್ರವ ಸಿಕ್ಕಿತು. 40 ನಾಯಿಗಳಿಂದ ಆ ದ್ರವವನ್ನು ಹೀರಿ ಪರೀಕ್ಷಿಸಿದಾಗ 38ರಲ್ಲಿ ಇದ್ದದ್ದು ರಕ್ತ, ಉಳಿದ ಎರಡರಲ್ಲಿ ಸೋರಿದ ಮೂತ್ರ. ಪಶುವೈದ್ಯರು ಅಲ್ಲಿಯವರೆಗೆ ಅಂದುಕೊಂಡಿದ್ದಕ್ಕಿಂತ ಇದು ಬಹಳ ಹೆಚ್ಚು. ಕೈಯಿಂದ ಹೊಟ್ಟೆ ಮುಟ್ಟಿ ನೋಡಿ ‘ಪರವಾಗಿಲ್ಲ’ ಎಂದು ಕಳಿಸಿದ ನಾಯಿಗಳಲ್ಲಿ ಎಷ್ಟಕ್ಕೆ ಒಳಗೆ ರಕ್ತ ಸೋರುತ್ತಿತ್ತೋ ಎಂಬ ಪ್ರಶ್ನೆಯನ್ನು ಆ ಅಧ್ಯಯನ ಎದುರಿಗಿಟ್ಟಿತು.

ಹೊಟ್ಟೆಗೆ ಜೋರಾದ ಪೆಟ್ಟು ಬಿದ್ದಾಗ ಮೊದಲು ಸೀಳುವುದು ಎರಡು ಅಂಗಗಳು. ಒಂದು ಯಕೃತ್ತು, ಅಂದರೆ ಲಿವರ್. ಇನ್ನೊಂದು ಹೊಟ್ಟೆಯ ಎಡಭಾಗದಲ್ಲಿ ನಾಲಗೆಯ ಆಕಾರದಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಗುಲ್ಮ. ಎರಡೂ ಮೃದು, ಎರಡರಲ್ಲೂ ರಕ್ತ ತುಂಬಿರುತ್ತದೆ. ಚಕ್ರ ಹೊಟ್ಟೆಯ ಮೇಲೆ ಹರಿಯಲೇಬೇಕೆಂದಿಲ್ಲ. ಬಂಪರ್ ತಾಗಿ ನಾಲ್ಕು ಅಡಿ ದೂರ ಎಸೆಯಲ್ಪಟ್ಟರೂ, ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಬಿದ್ದರೂ, ಯಾರೋ ಒದ್ದರೂ ಇವು ಬಿರುಕು ಬಿಡಬಹುದು. ಮೂತ್ರಪಿಂಡದ ಸುತ್ತಲಿನ ಅಥವಾ ಕರುಳಿಗೆ ಹೋಗುವ ರಕ್ತನಾಳಗಳು ಹರಿಯುವುದೂ ಉಂಟು.

ನಾಯಿಯ ದೇಹದಲ್ಲಿ ಕಿಲೋ ತೂಕಕ್ಕೆ ಸುಮಾರು 80ರಿಂದ 90 ಮಿಲಿಲೀಟರ್ ರಕ್ತ ಇರುತ್ತದೆ. ನಮ್ಮ ಬೀದಿಯಲ್ಲಿ ಓಡಾಡುವ 18 ಕಿಲೋದ ನಾಯಿಯಲ್ಲಿ ಇರುವ ಒಟ್ಟು ರಕ್ತ ಒಂದೂವರೆ ಲೀಟರಿನ ಆಸುಪಾಸು. ಅದರಲ್ಲಿ ಮೂರನೇ ಒಂದು ಪಾಲು, ಅಂದರೆ ಅರ್ಧ ಲೀಟರು ಹೊರಟುಹೋದರೆ ಪ್ರಾಣಕ್ಕೆ ಅಪಾಯ. ಇಷ್ಟು ರಕ್ತ ಒಳಗೇ ಹರಿದು ನಿಂತರೂ ಹೊರಗಿನಿಂದ ಹೊಟ್ಟೆ ಹಾಗೇ ಕಾಣುತ್ತದೆ. ಹೊಟ್ಟೆ ಊದಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕಿಲೋಗೆ ಸುಮಾರು 40 ಮಿಲಿಲೀಟರಿನಷ್ಟು ಸೋರಿರುತ್ತದೆ ಎಂಬುದು ಪಶುವೈದ್ಯರ ಲೆಕ್ಕ. ಹತ್ತಿರ ಹತ್ತಿರ ಅರ್ಧ ರಕ್ತ ಹೋದ ಮೇಲೆ ಗೊತ್ತಾಗುವ ಲಕ್ಷಣವದು. ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಪೆಟ್ಟು ತಿಂದ ನಾಯಿ ಎದ್ದು ಓಡುವುದು ಹೇಗೆ ಎಂಬುದಕ್ಕೆ ದೇಹದ ರಕ್ಷಣಾ ಕ್ರಮದಲ್ಲೇ ಉತ್ತರವಿದೆ. ಭಯ, ನೋವಿನ ಆ ಗಳಿಗೆಯಲ್ಲಿ ಅಡ್ರಿನಲಿನ್ ಮೈಯೆಲ್ಲ ಹರಡುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ಚರ್ಮ, ಕಾಲು, ಕಿವಿಗಳ ರಕ್ತನಾಳಗಳು ಕುಗ್ಗಿ ಇದ್ದ ರಕ್ತವನ್ನೆಲ್ಲ ಮೆದುಳು, ಹೃದಯಗಳ ಕಡೆ ತಿರುಗಿಸುತ್ತವೆ. ನಾಯಿಯ ಗುಲ್ಮ ಇಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಅದು ಕೆಂಪು ರಕ್ತಕಣಗಳ ಕಣಜ. ಆಪತ್ತಿನಲ್ಲಿ ಮುದುಡಿಕೊಂಡು ತನ್ನಲ್ಲಿ ಕೂಡಿಟ್ಟ ಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಹೀಗಾಗಿ ಕೆಲಹೊತ್ತು ನಾಯಿ ಓಡಾಡುತ್ತದೆ, ನೀರು ಕುಡಿಯುತ್ತದೆ, ಮನೆಗೂ ಬರುತ್ತದೆ.

ಇದೇ ಗುಲ್ಮ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಅಪಘಾತವಾದ ಕೂಡಲೇ ತೆಗೆದ ರಕ್ತದ ಮಾದರಿಯಲ್ಲಿ ಕೆಂಪು ಕಣಗಳ ಪ್ರಮಾಣ ಸರಿಯಾಗಿಯೇ ಕಾಣಬಹುದು. ಸೋರಿದ್ದು ಇಡೀ ರಕ್ತ. ಉಳಿದ ರಕ್ತದಲ್ಲಿ ಕಣಗಳ ಅನುಪಾತ ತಕ್ಷಣ ಬದಲಾಗುವುದಿಲ್ಲ, ಜೊತೆಗೆ ಗುಲ್ಮ ಸುರಿದ ಕಣಗಳು ಬೇರೆ. ಅನುಭವಿ ಪಶುವೈದ್ಯರು ಅದಕ್ಕಾಗಿ ಪ್ರೋಟೀನ್ ಪ್ರಮಾಣವನ್ನೂ ಜೊತೆಗೇ ನೋಡುತ್ತಾರೆ. ಕಣ ಸರಿಯಿದ್ದು ಪ್ರೋಟೀನ್ ಇಳಿದಿದ್ದರೆ ಎಲ್ಲೋ ರಕ್ತ ಹೋಗುತ್ತಿದೆ ಎಂದು ಲೆಕ್ಕ. ‘ರಕ್ತ ಪರೀಕ್ಷೆ ನಾರ್ಮಲ್ ಬಂತು’ ಎಂಬ ಒಂದೇ ವರದಿ ಹಿಡಿದು ಮನೆಗೆ ಹೋಗುವುದು ಈ ಸಂದರ್ಭದಲ್ಲಿ ಸರಿಯಲ್ಲ.

ಹಾಗಾದರೆ ರಸ್ತೆಬದಿಯಲ್ಲಿ ನಿಂತ ಸಾಮಾನ್ಯ ಮನುಷ್ಯ ಏನನ್ನು ನೋಡಬೇಕು? ಒಸಡು. ನಾಯಿಯ ಮೇಲ್ದುಟಿಯನ್ನು ನಿಧಾನವಾಗಿ ಎತ್ತಿದರೆ ಕೋರೆಹಲ್ಲಿನ ಮೇಲೆ ಕಾಣುವ ಒಸಡು ಆರೋಗ್ಯದಲ್ಲಿ ನಸುಗೆಂಪು, ತೇವ. ಅದನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಒತ್ತಿದ ಜಾಗ ಬಿಳಿಚಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗುತ್ತದೆ. ರಕ್ತ ಸೋರುತ್ತಿರುವ ನಾಯಿಯ ಒಸಡು ಸುಣ್ಣ ಬಳಿದಂತೆ ಬಿಳಿಚಿರುತ್ತದೆ, ಒತ್ತಿದ ಜಾಗಕ್ಕೆ ಬಣ್ಣ ಮರಳಲು ತಡವಾಗುತ್ತದೆ, ಒಮ್ಮೊಮ್ಮೆ ಮರಳಿತೋ ಇಲ್ಲವೋ ತಿಳಿಯುವುದೇ ಇಲ್ಲ. ಹುಟ್ಟಿನಿಂದಲೇ ಕಪ್ಪು ಒಸಡಿರುವ ನಾಯಿಗಳು ನಮ್ಮಲ್ಲಿ ಬಹಳ. ಅವುಗಳಲ್ಲಿ ಕೆಳರೆಪ್ಪೆಯನ್ನು ಎಳೆದು ಒಳಭಾಗದ ಬಣ್ಣ ನೋಡಬೇಕು. ಜೊತೆಗೆ ಕಿವಿ, ಪಾದಗಳು ತಣ್ಣಗಾಗಿವೆಯೇ, ಉಸಿರು ಮೇಲುಮೇಲಕ್ಕೆ ಬರುತ್ತಿದೆಯೇ, ಹಿಂಗಾಲಿನ ತೊಡೆಯ ಒಳಗೆ ಬೆರಳಿಟ್ಟರೆ ಸಿಗುವ ನಾಡಿ ಕ್ಷೀಣವಾಗಿ ಓಡುತ್ತಿದೆಯೇ ಎಂಬುದನ್ನೂ ಗಮನಿಸಬಹುದು. ವಿಶ್ರಾಂತಿಯಲ್ಲಿರುವ ದೊಡ್ಡ ನಾಯಿಗೆ ನಾಡಿ ನಿಮಿಷಕ್ಕೆ 70ರಿಂದ 120. ಸುಮ್ಮನೆ ಮಲಗಿರುವಾಗಲೂ 150, 160 ಬಡಿಯುತ್ತಿದ್ದರೆ ಕಾಯುವಂತಿಲ್ಲ.

ಮೊದಲ ಪರೀಕ್ಷೆ ಸರಿ ಬಂದರೂ ಅಲ್ಲಿಗೆ ಮುಗಿಯಲಿಲ್ಲ. ಗಂಟೆಗೊಮ್ಮೆ ಮತ್ತೆ ನೋಡಬೇಕು. ಬೆಳಿಗ್ಗೆ ಕೆಂಪಿದ್ದ ಒಸಡು ಮಧ್ಯಾಹ್ನ ಬಿಳಿಚಬಹುದು.

ಎತ್ತಿಕೊಂಡು ಹೋಗುವ ಕ್ರಮದ ಬಗ್ಗೆಯೂ ಒಂದೆರಡು ಮಾತು ಬೇಕು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಅದು ಅದರ ತಪ್ಪಲ್ಲ. ಉಸಿರಾಟ ಸರಿಯಿದ್ದು ವಾಂತಿ ಇಲ್ಲದಿದ್ದರೆ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸಡಿಲವಾಗಿ ಕಟ್ಟಬಹುದು. ಏದುಸಿರು ಬಿಡುತ್ತಿರುವ ನಾಯಿಗೆ ಮೂತಿ ಕಟ್ಟಲೇಬಾರದು. ಹೊಟ್ಟೆಯ ಕೆಳಗೆ ಕೈಹಾಕಿ ಎತ್ತುವ ಬದಲು ಹಲಗೆ, ದಪ್ಪ ರಟ್ಟು, ಕಂಬಳಿ, ಗೋಣಿಚೀಲ ಯಾವುದು ಸಿಕ್ಕಿದರೂ ಅದರ ಮೇಲೆ ಜರುಗಿಸಿ ಇಬ್ಬರು ಹಿಡಿದು ಸಾಗಿಸಿದರೆ ಬೆನ್ನುಮೂಳೆ ಮುರಿದಿದ್ದರೂ ಹಾನಿ ಹೆಚ್ಚುವುದಿಲ್ಲ. ಮೇಲೆ ಬಟ್ಟೆ ಹೊದಿಸಿ ಬೆಚ್ಚಗಿಡಬೇಕು. ಬಾಯಿಗೆ ನೀರು, ಹಾಲು, ಅನ್ನ ಏನೂ ಬೇಡ. ಅರವಳಿಕೆ ಕೊಡಬೇಕಾಗಿ ಬಂದರೆ ತುಂಬಿದ ಹೊಟ್ಟೆ ತೊಂದರೆ ತರುತ್ತದೆ. ಮನೆಯ ಔಷಧಿ ಡಬ್ಬಿಯಲ್ಲಿರುವ ನೋವಿನ ಮಾತ್ರೆಗಳನ್ನಂತೂ ಮುಟ್ಟಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ರಕ್ತದೊತ್ತಡ ಕುಸಿದಾಗ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ‘ಆಕ್ಸಿಡೆಂಟ್ ಆದ ನಾಯಿ ತರುತ್ತಿದ್ದೇವೆ, ಒಸಡು ಬಿಳಿಚಿದೆ’ ಎಂದು ಹೇಳಿದರೆ ಅಲ್ಲಿ ಸಿದ್ಧತೆ ನಡೆಯುತ್ತದೆ. ಬೀದಿನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದನ್ನು ಉಪಕಾರ ಮಾಡಲು ಹೋದವರು ಮರೆಯಬಾರದು.

ಆಸ್ಪತ್ರೆಯ ಮೇಜಿನ ಮೇಲೆ ಮೊದಲ ಐದು ಹತ್ತು ನಿಮಿಷದಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಬ್ಬರು ಮೂತಿಯ ಮುಂದೆ ಆಮ್ಲಜನಕದ ಕೊಳವೆ ಹಿಡಿದರೆ, ಇನ್ನೊಬ್ಬರು ಮುಂಗಾಲಿನ ಕೂದಲು ಬೋಳಿಸಿ ನರಕ್ಕೆ ಸೂಜಿ ಹಾಕುತ್ತಾರೆ. ರಕ್ತದೊತ್ತಡ ಕುಸಿದ ನಾಯಿಯಲ್ಲಿ ನರ ಸಿಗುವುದೇ ಕಷ್ಟ. ರಕ್ತದಲ್ಲಿ ಲ್ಯಾಕ್ಟೇಟ್ ಎಷ್ಟಿದೆ ಎಂದು ನೋಡುವ ಸೌಲಭ್ಯವಿದ್ದರೆ ಅದೂ ಆಗುತ್ತದೆ. ಅಂಗಾಂಗಗಳಿಗೆ ಆಮ್ಲಜನಕ ಸಾಲದಾದಾಗ ಏರುವ ಈ ಆಮ್ಲ ಎರಡೂವರೆ ಮಿಲಿಮೋಲ್ ದಾಟಿದರೆ ವೈದ್ಯರು ಎಚ್ಚರವಾಗುತ್ತಾರೆ.

ನಂತರ ಅಲ್ಟ್ರಾಸೌಂಡ್. ಇದು ಗಂಟೆಗಟ್ಟಲೆ ನಡೆಯುವ ವಿವರವಾದ ಸ್ಕ್ಯಾನ್ ಅಲ್ಲ. ನಾಯಿಯನ್ನು ಮಗ್ಗುಲಿಗೆ ಮಲಗಿಸಿ ನಾಲ್ಕೇ ಜಾಗಗಳಲ್ಲಿ ಪ್ರೋಬ್ ಇಡುತ್ತಾರೆ: ವಪೆ (ಎದೆ, ಹೊಟ್ಟೆಗಳ ನಡುವಿನ ಪರದೆ) ಮತ್ತು ಯಕೃತ್ತಿನ ನಡುವೆ, ಗುಲ್ಮ ಮತ್ತು ಎಡ ಮೂತ್ರಪಿಂಡದ ಬಳಿ, ಮೂತ್ರಕೋಶದ ಹತ್ತಿರ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ. ಪರದೆಯ ಮೇಲೆ ಅಂಗಗಳು ಬೂದು ಬಣ್ಣಕ್ಕೆ ಕಾಣುತ್ತವೆ, ದ್ರವ ಕಪ್ಪಗೆ. ಯಕೃತ್ತಿನ ಎರಡು ಹಾಳೆಗಳ ನಡುವೆ ಚೂಪು ಅಂಚಿನ ಕಪ್ಪು ತ್ರಿಕೋನವೊಂದು ಕಂಡರೆ ಅಲ್ಲಿ ಇರಬಾರದ್ದು ಇದೆ ಎಂದರ್ಥ. ಅಮೆರಿಕದ ಪಶುವೈದ್ಯ ಗ್ರೆಗರಿ ಲಿಸಿಯಾಂಡ್ರೊ ಮತ್ತು ಸಂಗಡಿಗರು ವಾಹನ ಬಡಿದ 101 ನಾಯಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿತು. ನಾಲ್ಕು ಜಾಗಗಳಲ್ಲಿ ಎಷ್ಟರಲ್ಲಿ ದ್ರವ ಕಂಡಿತೋ ಅಷ್ಟು ಅಂಕ, ಸೊನ್ನೆಯಿಂದ ನಾಲ್ಕರವರೆಗೆ. ಒಂದೆರಡು ಅಂಕವಿದ್ದರೆ ಸಣ್ಣ ಸೋರಿಕೆ, ಮೂರು ನಾಲ್ಕು ಬಂದರೆ ದೊಡ್ಡದು. ರಕ್ತಹೀನತೆ ಗಂಭೀರವಾಗುವುದೂ ರಕ್ತ ಕೊಡಬೇಕಾಗಿ ಬರುವುದೂ ಇಂಥ ನಾಯಿಗಳಲ್ಲೇ ಹೆಚ್ಚು.

ಈ ಲೆಕ್ಕದ ನಿಜವಾದ ಬೆಲೆ ಇರುವುದು ಅದನ್ನು ಮತ್ತೆ ಮತ್ತೆ ಮಾಡುವುದರಲ್ಲಿ. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದಾಗ ಅಂಕ ಏರಿದ್ದರೆ ರಕ್ತ ಇನ್ನೂ ಹರಿಯುತ್ತಿದೆ ಎಂದಾಯಿತು. ಮೂರು ನಿಮಿಷದ ಈ ಪರೀಕ್ಷೆಗೆ ಅರವಳಿಕೆ ಬೇಡ, ನಾಯಿಯನ್ನು ಬೇರೆ ಕೋಣೆಗೆ ಸಾಗಿಸುವುದೂ ಬೇಡ. ಕೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರಗಳು ಬಂದಿರುವ ಈ ಕಾಲದಲ್ಲಿ ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಯಲ್ಲೂ ಇದು ಸಾಧ್ಯವಾಗಬೇಕು.

ಕಪ್ಪು ಕಂಡ ಜಾಗಕ್ಕೆ ಸೂಜಿ ಚುಚ್ಚಿ ದ್ರವವನ್ನು ಸಿರಿಂಜಿಗೆ ಎಳೆಯುತ್ತಾರೆ. ಬಂದದ್ದು ರಕ್ತವಾದರೆ ಅದನ್ನು ಗಾಜಿನ ನಳಿಕೆಯಲ್ಲಿ ಸುಮ್ಮನೆ ಇಟ್ಟು ನೋಡುತ್ತಾರೆ. ಹೊಟ್ಟೆಯೊಳಗೆ ಕೆಲಹೊತ್ತು ನಿಂತ ರಕ್ತ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟಿಸುವ ಅಂಶ ಒಳಗೇ ಖರ್ಚಾಗಿರುತ್ತದೆ. ನಳಿಕೆಯಲ್ಲಿ ಹೆಪ್ಪುಗಟ್ಟಿತೆಂದರೆ ಸೂಜಿ ತಪ್ಪಿ ರಕ್ತನಾಳಕ್ಕೋ ಗುಲ್ಮಕ್ಕೋ ಹೊಕ್ಕಿರುವ ಸಂಭವ ಹೆಚ್ಚು. ಯಂತ್ರವೇ ಬೇಡದ ಈ ಪರೀಕ್ಷೆ ಹಳ್ಳಿಯ ಪಶು ಚಿಕಿತ್ಸಾಲಯದಲ್ಲೂ ನಡೆಯುತ್ತದೆ.

ಚಿಕಿತ್ಸೆ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಆಪರೇಷನ್. ಅಪಘಾತದಿಂದ ಹೊಟ್ಟೆಯೊಳಗೆ ರಕ್ತ ಸೋರುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಅದು ಬೇಕಾಗುವುದಿಲ್ಲ. ಸೀಳಿದ ಯಕೃತ್ತು, ಗುಲ್ಮಗಳ ಮೇಲೆ ರಕ್ತ ತಾನಾಗಿ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ, ಹೊಟ್ಟೆಗೆ ಹರಿದ ಕೆಂಪು ಕಣಗಳಲ್ಲಿ ಬಹುಪಾಲು ದಿನ ಕಳೆದಂತೆ ಮತ್ತೆ ರಕ್ತಕ್ಕೇ ಸೇರುತ್ತವೆ. ವೈದ್ಯರ ಕೆಲಸ ಆ ಹೆಪ್ಪು ನಿಲ್ಲುವವರೆಗೆ ಪ್ರಾಣ ಹಿಡಿದಿಡುವುದು, ಮತ್ತು ಹೆಪ್ಪನ್ನು ಕೆಡಿಸದೆ ಇರುವುದು.

ಎರಡನೆಯದನ್ನು ಪಶುವೈದ್ಯಲೋಕ ಕಲಿತದ್ದು ನಿಧಾನವಾಗಿ. ಆಘಾತದಲ್ಲಿರುವ ನಾಯಿಗೆ ಕಿಲೋಗೆ 90 ಮಿಲಿಲೀಟರ್ ಸಲೈನ್ ಎಂಬುದು ಹಿಂದಿನ ಪಠ್ಯದ ಲೆಕ್ಕ, ಅಂದರೆ ಮೈಯಲ್ಲಿರುವ ಒಟ್ಟು ರಕ್ತದಷ್ಟೇ ನೀರು. ಅಷ್ಟನ್ನು ಒಮ್ಮೆಲೇ ಹರಿಸಿದರೆ ರಕ್ತದೊತ್ತಡ ಏರಿ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ; ಉಳಿದ ರಕ್ತ ನೀರಾಗಿ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ; ತಣ್ಣನೆಯ ಸಲೈನ್‌ನಿಂದ ಮೈ ತಣ್ಣಗಾಗಿ ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಈಗಿನ ಕ್ರಮದಲ್ಲಿ ಕಿಲೋಗೆ 10ರಿಂದ 20 ಮಿಲಿಲೀಟರಿನಷ್ಟು ಕೊಟ್ಟು, ನಾಡಿ, ಒಸಡು, ರಕ್ತದೊತ್ತಡ ನೋಡಿ, ಬೇಕಾದರೆ ಮಾತ್ರ ಮತ್ತೊಮ್ಮೆ ಕೊಡುತ್ತಾರೆ. ಮೇಲಿನ ರಕ್ತದೊತ್ತಡ 90ರ ಹತ್ತಿರ ನಿಂತರೆ ಅಷ್ಟಕ್ಕೇ ತೃಪ್ತಿಪಡುತ್ತಾರೆ, ಪೂರ್ತಿ ಸಹಜ ಮಟ್ಟಕ್ಕೆ ಏರಿಸಲು ಹೋಗುವುದಿಲ್ಲ. ತಲೆಗೂ ಪೆಟ್ಟು ಬಿದ್ದಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮೆದುಳಿಗೆ ಕಡಿಮೆ ಒತ್ತಡ ಮಾರಕ. ‘ಎರಡು ಬಾಟಲಿ ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವ ಮಾಲೀಕರು ಇದನ್ನು ತಿಳಿದಿರುವುದು ಒಳ್ಳೆಯದು. ನಿಧಾನವಾಗಿ ಹನಿಸುವ ವೈದ್ಯರು ಉದಾಸೀನ ಮಾಡುತ್ತಿಲ್ಲ.

ಹೊಟ್ಟೆಯ ಸುತ್ತ ಹದವಾಗಿ ಬ್ಯಾಂಡೇಜ್ ಸುತ್ತಿ ಒತ್ತಡ ಕೊಡುವ ಉಪಾಯವೂ ಇದೆ. ಪೆಟ್ಟಿಗೆ ವಪೆ ಹರಿದು ಕರುಳು ಎದೆಗೂಡಿಗೆ ನುಗ್ಗಿದ್ದರೆ ಅದೇ ಬ್ಯಾಂಡೇಜ್ ಉಸಿರು ಕಟ್ಟಿಸುತ್ತದೆ. ಎಕ್ಸ್‌ರೇ ಅಥವಾ ಸ್ಕ್ಯಾನ್ ನೋಡದೆ ಮನೆಯಲ್ಲಿ ಹಾಗೆ ಕಟ್ಟಬಾರದು. ಔಷಧಿಗಳಲ್ಲಿ ಟ್ರಾನೆಕ್ಸಾಮಿಕ್ ಆ್ಯಸಿಡ್‌ಗೆ ವಿಶೇಷ ಸ್ಥಾನ. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಪ್ಪಿಸಬೇಕೆಂಬ ಹಂಬಲದಿಂದ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಪ್ರಕಟಿಸಿದ ಔಷಧವಿದು. ಕಟ್ಟಿದ ಹೆಪ್ಪು ಬೇಗ ಕರಗದಂತೆ ಅದು ತಡೆಯುತ್ತದೆ. ನಾಯಿಗಳಲ್ಲಿ ಹೆಪ್ಪು ಕರಗುವ ಕ್ರಿಯೆ ಮನುಷ್ಯರಿಗಿಂತ ಚುರುಕಾದ್ದರಿಂದ ಪಶುವೈದ್ಯರೂ ಇದನ್ನು ಬಳಸುತ್ತಾರೆ. ಬೇಗ ಬೇಗ ಚುಚ್ಚಿದರೆ ವಾಂತಿ ಬರುತ್ತದೆಂದು ನಿಧಾನವಾಗಿ ನರಕ್ಕೆ ಕೊಡುತ್ತಾರೆ.

ಇಷ್ಟಕ್ಕೂ ಬಗ್ಗದ ನಾಯಿಗೆ ಬೇಕಾದ್ದು ರಕ್ತವೇ.

ರಕ್ತಪೂರಣದ ಚರಿತ್ರೆ ಶುರುವಾದದ್ದೇ ನಾಯಿಗಳಿಂದ. 1660ರ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವೈದ್ಯ ರಿಚರ್ಡ್ ಲೋವರ್ ಒಂದು ನಾಯಿಯ ರಕ್ತವನ್ನು ಸಾಯುವ ಹಂತದವರೆಗೆ ಹರಿಸಿ, ಇನ್ನೊಂದು ನಾಯಿಯ ಕುತ್ತಿಗೆಯ ರಕ್ತನಾಳದಿಂದ ಅದಕ್ಕೆ ರಕ್ತ ಹರಿಸಿ ಬದುಕಿಸಿ ತೋರಿಸಿದ. ಮನುಷ್ಯರಿಗೆ ಲಕ್ಷಾಂತರ ಬಾಟಲಿ ರಕ್ತ ಒದಗಿಸುವ ವಿದ್ಯೆಗೆ ಆ ಹೆಸರಿಲ್ಲದ ನಾಯಿಗಳು ಪ್ರಾಣ ತೆತ್ತಿವೆ. ಮೂರೂವರೆ ಶತಮಾನ ಕಳೆದ ಮೇಲೆ ನಮ್ಮ ಊರುಗಳಲ್ಲಿ ನಾಯಿಗೆ ಒಂದು ಚೀಲ ರಕ್ತ ಬೇಕೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಂಗಲಾಚಬೇಕಾಗಿರುವುದು ಮನಸ್ಸಿಗೆ ಹಿತವಾದ ಸಂಗತಿಯಲ್ಲ. ಚೆನ್ನೈನ ಮದ್ರಾಸ್ ಪಶುವೈದ್ಯಕೀಯ ಕಾಲೇಜು, ಲೂಧಿಯಾನದ ಗುರು ಅಂಗದ್ ದೇವ್ ಪಶುವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಣಿಗಳ ರಕ್ತನಿಧಿ ನಡೆಯುತ್ತಿದೆ. ಪ್ರಾಣಿಗಳ ರಕ್ತಪೂರಣ ಹೇಗಿರಬೇಕು, ದಾನಿಗಳನ್ನು ಹೇಗೆ ಆರಿಸಬೇಕು ಎಂಬುದಕ್ಕೆ ಕೇಂದ್ರ ಪಶುಸಂಗೋಪನಾ ಇಲಾಖೆ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇನ್ನು ಅದು ಕಾಗದದಿಂದ ಆಸ್ಪತ್ರೆಯ ಫ್ರಿಜ್ಜಿಗೆ ಇಳಿಯಬೇಕು.

ನಾಯಿಗಳಲ್ಲೂ ರಕ್ತದ ಗುಂಪುಗಳಿವೆ, ಹತ್ತಕ್ಕಿಂತ ಹೆಚ್ಚು ಗುರುತಾಗಿವೆ. ಅವುಗಳಲ್ಲಿ ಮುಖ್ಯವಾದದ್ದು ಡಿಇಎ 1. ಆದರೆ ಮನುಷ್ಯರಂತೆ ನಾಯಿಗಳಲ್ಲಿ ಬೇರೆ ಗುಂಪಿನ ವಿರುದ್ಧ ಅಪಾಯ ತರುವಷ್ಟು ಪ್ರತಿಕಾಯಗಳು ಹುಟ್ಟಿನಿಂದ ಇರುವುದಿಲ್ಲ. ಹಿಂದೆಂದೂ ರಕ್ತ ತೆಗೆದುಕೊಳ್ಳದ ನಾಯಿಗೆ ತುರ್ತಿನಲ್ಲಿ ಮೊದಲ ಸಲ ಯಾವ ನಾಯಿಯ ರಕ್ತ ಕೊಟ್ಟರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಎರಡನೇ ಸಲಕ್ಕೆ ಹೊಂದಾಣಿಕೆ ನೋಡಲೇಬೇಕು. ದಾನಿಯಾಗಲು ಸುಮಾರು 25 ಕಿಲೋಗಿಂತ ಹೆಚ್ಚು ತೂಕದ, ಲಸಿಕೆಗಳೆಲ್ಲ ಆಗಿರುವ, ಶಾಂತ ಸ್ವಭಾವದ, ಮುದಿಯಲ್ಲದ ಆರೋಗ್ಯವಂತ ನಾಯಿ ಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ದೊಡ್ಡ ಮೈಯ ನಾಟಿ ನಾಯಿ ಎಲ್ಲವೂ ಆದೀತು. ಒಂದು ಸಲಕ್ಕೆ ಸುಮಾರು 450 ಮಿಲಿಲೀಟರ್ ತೆಗೆಯುತ್ತಾರೆ.

ನಮ್ಮ ನಾಡಿನಲ್ಲಿ ಇದಕ್ಕೊಂದು ದೊಡ್ಡ ತೊಡಕು ಉಣ್ಣೆಯದು. ಉಣ್ಣೆ ಕಚ್ಚಿ ಹರಡುವ ಎರ್ಲಿಕಿಯಾ, ಬಬೇಸಿಯಾ ಸೋಂಕುಗಳು ನಮ್ಮ ನಾಯಿಗಳಲ್ಲಿ ಸಾಮಾನ್ಯ. ಅನೇಕ ನಾಯಿಗಳು ಮೇಲೆ ಲವಲವಿಕೆಯಿಂದಿದ್ದೂ ಒಳಗೆ ಸೋಂಕು ಹೊತ್ತಿರುತ್ತವೆ. ಪರೀಕ್ಷೆ ಮಾಡದೆ ಅವುಗಳ ರಕ್ತ ಕೊಟ್ಟರೆ ಬದುಕಿಸಲು ಹೋಗಿ ರೋಗ ಕೊಟ್ಟಂತೆ. ಎರ್ಲಿಕಿಯಾ ತಗುಲಿದ ನಾಯಿಯ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಅಂಥ ನಾಯಿಗೆ ಗಾಡಿ ಬಡಿದರೆ ಸಣ್ಣ ಸೀಳೂ ಹೆಪ್ಪುಗಟ್ಟದೆ ಸೋರುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಉಣ್ಣೆಯ ಔಷಧಿ ಹಾಕುವುದಕ್ಕೂ ಅಪಘಾತದಲ್ಲಿ ನಾಯಿ ಬದುಕುಳಿಯುವುದಕ್ಕೂ ಹೀಗೆ ನೇರ ಸಂಬಂಧವಿದೆ.

ದಾನಿ ಸಿಗದ ಕಡೆ ಕೊನೆಯ ದಾರಿಯೊಂದಿದೆ. ಹೊಟ್ಟೆಯಲ್ಲಿ ನಿಂತಿರುವ ನಾಯಿಯದೇ ರಕ್ತವನ್ನು ಶುದ್ಧವಾಗಿ ಹೀರಿ, ಸೋಸುವ ಜಾಲರಿಯ ಮೂಲಕ ಹಾಯಿಸಿ ಅದರ ನರಕ್ಕೇ ಹಿಂತಿರುಗಿಸುವುದು. ಗುಂಪಿನ ಚಿಂತೆಯಿಲ್ಲ, ಹುಡುಕಾಟವಿಲ್ಲ. ಕರುಳು ಒಡೆದು ಹೊಲಸು ಬೆರೆತಿದ್ದರೆ ಇದನ್ನು ಮಾಡುವುದಿಲ್ಲ. ಚಿಕ್ಕ ಊರಿನ ಪಶುವೈದ್ಯರಿಗೆ ಈ ವಿಧಾನದಲ್ಲಿ ತರಬೇತಿ ಕೊಟ್ಟರೆ ರಕ್ತನಿಧಿ ಬರುವವರೆಗೆ ಕಾಯಬೇಕಾಗಿಲ್ಲ.

ಆಪರೇಷನ್ ಯಾವಾಗ? ರಕ್ತ ಕೊಟ್ಟರೂ ಒತ್ತಡ ನಿಲ್ಲದಿದ್ದಾಗ, ಅಲ್ಟ್ರಾಸೌಂಡಿನಲ್ಲಿ ದ್ರವ ಏರುತ್ತಲೇ ಇದ್ದಾಗ, ಕರುಳೋ ಮೂತ್ರಕೋಶವೋ ಒಡೆದಾಗ, ಹೊಟ್ಟೆಗೆ ಏನಾದರೂ ಚುಚ್ಚಿಕೊಂಡಾಗ. ಶಸ್ತ್ರವೈದ್ಯರು ಹೊಟ್ಟೆಯನ್ನು ಉದ್ದಕ್ಕೆ ತೆರೆದು ಮೊದಲು ಬಟ್ಟೆಯ ಮಡಿಕೆಗಳನ್ನು ಒತ್ತಿಟ್ಟು ರಕ್ತ ತಡೆಯುತ್ತಾರೆ, ನಂತರ ಒಂದೊಂದಾಗಿ ತೆಗೆಯುತ್ತ ಸೋರುವ ಜಾಗ ಹುಡುಕುತ್ತಾರೆ. ಹರಿದ ಗುಲ್ಮವನ್ನು ಪೂರ್ತಿ ತೆಗೆದರೂ ನಾಯಿ ಬದುಕುತ್ತದೆ. ಮುಂದೆ ಬಬೇಸಿಯಾದಂಥ ಸೋಂಕಿನ ವಿಷಯದಲ್ಲಿ ಎಚ್ಚರ ಬೇಕಷ್ಟೆ. ಮಲೆನಾಡು, ಕೊಡಗಿನ ತೋಟಗಳಲ್ಲಿ ಕಾಡುಹಂದಿಯ ಕೋರೆಗೆ ಸಿಕ್ಕ ನಾಯಿಗಳು ಹೊಟ್ಟೆ ಸೀಳಿಸಿಕೊಂಡು ಬರುತ್ತವೆ. ಹೊರಬಂದ ಕರುಳನ್ನು ಒಳಗೆ ತುರುಕಲು ಹೋಗದೆ, ಶುದ್ಧ ಬಟ್ಟೆಯನ್ನು ಸಲೈನ್‌ನಲ್ಲೋ ಕಾದಾರಿದ ನೀರಿನಲ್ಲೋ ಅದ್ದಿ ಮುಚ್ಚಿಕೊಂಡು ತರಬೇಕು. ಮೈಯಲ್ಲಿ ನಾಟಿಕೊಂಡ ಕೋಲು, ಕಬ್ಬಿಣವನ್ನು ಎಳೆದು ತೆಗೆಯಬಾರದು. ದೊಡ್ಡ ನಾಯಿ ಚಿಕ್ಕ ನಾಯಿಯನ್ನು ಹೊಟ್ಟೆಯ ಹತ್ತಿರ ಕಚ್ಚಿ ಒದರಿದಾಗ ಚರ್ಮದ ಮೇಲೆ ಎರಡು ಸಣ್ಣ ತೂತು ಮಾತ್ರ ಕಾಣುತ್ತವೆ. ಅಡಿಯಲ್ಲಿ ಸ್ನಾಯು ಹರಿದು ಕರುಳು ಜಜ್ಜಿಹೋಗಿರಬಹುದು. ಅರಿಶಿನ ಹಚ್ಚಿ ಸುಮ್ಮನಾಗುವ ಗಾಯವಲ್ಲ ಅದು.

ಪೆಟ್ಟೇ ಬೀಳದ ನಾಯಿಯ ಹೊಟ್ಟೆಯಲ್ಲೂ ರಕ್ತ ಸೇರುವುದುಂಟು. ವಯಸ್ಸಾದ ನಾಯಿಗಳಲ್ಲಿ ಗುಲ್ಮದ ಗೆಡ್ಡೆ ಒಡೆಯುತ್ತದೆ. ಬ್ರೊಮಾಡಿಯೊಲೋನ್‌ನಂಥ ಇಲಿಪಾಷಾಣ ತಿಂದ ನಾಯಿಗೆ ಕೆಲವು ದಿನ ಬಿಟ್ಟು ಮೈಯೊಳಗೆಲ್ಲ ರಕ್ತ ಸೋರಲು ಶುರುವಾಗುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದು. ಮನೆಯಲ್ಲಿ, ತೋಟದಲ್ಲಿ ಇಲಿಪಾಷಾಣ ಇಟ್ಟಿದ್ದರೆ ಮುಚ್ಚಿಡದೆ ಹೇಳಿದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಸರಿಯಾದ ಆರೈಕೆ ಸಿಕ್ಕಿದರೆ ಎಷ್ಟು ನಾಯಿಗಳು ಬದುಕುತ್ತವೆ? ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1997ರಿಂದ 2003ರವರೆಗೆ ತೀವ್ರ ಪೆಟ್ಟು ತಿಂದು ದಾಖಲಾದ 235 ನಾಯಿಗಳ ದಾಖಲೆಗಳನ್ನು ಅಲ್ಲಿನ ವೈದ್ಯರು ಪರಿಶೀಲಿಸಿದರು. ಹತ್ತರಲ್ಲಿ ಒಂಬತ್ತು ನಾಯಿಗಳಿಗೆ ಬಡಿದದ್ದು ವಾಹನವೇ. ಒಟ್ಟು ನಾಯಿಗಳಲ್ಲಿ ಶೇಕಡ 88ರಷ್ಟು ಬದುಕಿ ಮನೆಗೆ ಹೋದವು. ತುರ್ತು ನಿಗಾ ಘಟಕ, ರಕ್ತನಿಧಿ, ರಾತ್ರಿಯೆಲ್ಲ ಎಚ್ಚರವಿರುವ ಸಿಬ್ಬಂದಿ ಇರುವ ಕಡೆಯ ಅಂಕಿ ಅದು ಎಂಬುದನ್ನು ಮರೆಯುವಂತಿಲ್ಲ. ಆದರೂ ‘ಗಾಡಿ ಹತ್ತಿದ ನಾಯಿ, ಇನ್ನೇನು ಉಳಿಯುತ್ತೆ’ ಎಂಬ ನಮ್ಮ ನಿರಾಶೆ ತಪ್ಪು ಎಂದು ತೋರಿಸಲು ಅಷ್ಟು ಸಾಕು.

ಮೊದಲ ದಿನ ದಾಟಿದ ನಾಯಿಯ ಮೇಲೂ ಎರಡು ಮೂರು ದಿನ ಕಣ್ಣಿಡಬೇಕಾಗುತ್ತದೆ. ಜಜ್ಜಿದ ಶ್ವಾಸಕೋಶ ಮರುದಿನ ಇನ್ನಷ್ಟು ಬಿಗಡಾಯಿಸಬಹುದು, ಹೃದಯದ ಬಡಿತ ಅಪಘಾತವಾಗಿ ಹನ್ನೆರಡು ಗಂಟೆಯಿಂದ ಮೂರು ದಿನದೊಳಗೆ ಲಯ ತಪ್ಪಬಹುದು. ಮೂತ್ರ ಹೋಗುತ್ತಿದೆಯೇ ಎಂದು ನೋಡಬೇಕು. ಮನೆಗೆ ಕರೆತಂದ ಮೇಲೂ ಕೆಲವು ವಾರ ಓಟ, ಜಿಗಿತ, ಮೆಟ್ಟಿಲು ಬೇಡ; ಕಟ್ಟಿದ ಹೆಪ್ಪು ಗಟ್ಟಿಯಾಗಲು ಕಾಲ ಬೇಕು.

ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಬೆಂಗಳೂರಿನಂಥ ನಗರದಲ್ಲಿ ರಾತ್ರಿಯೂ ತೆರೆದಿರುವ ಖಾಸಗಿ ಆಸ್ಪತ್ರೆಗಳಿವೆ. ಸಂಚಾರಿ ಪಶುಚಿಕಿತ್ಸಾ ಘಟಕಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು, ಆ ವ್ಯವಸ್ಥೆ ಮುಖ್ಯವಾಗಿ ಇರುವುದು ದನಕರುಗಳಿಗಾಗಿ. ಜಿಲ್ಲಾ ಕೇಂದ್ರ ದಾಟಿದರೆ ರಾತ್ರಿ ಹತ್ತರ ಮೇಲೆ ಗಾಯಗೊಂಡ ನಾಯಿಗೆ ದಿಕ್ಕಿಲ್ಲ. ಜಿಲ್ಲೆಗೊಂದು ಕಡೆಯಾದರೂ ರಾತ್ರಿಯ ತುರ್ತು ಸೇವೆ, ಒಂದು ಅಲ್ಟ್ರಾಸೌಂಡ್, ನಾಲ್ಕು ಚೀಲ ರಕ್ತ ಇಡುವ ಏರ್ಪಾಟು ಸರ್ಕಾರಕ್ಕೆ ಅಸಾಧ್ಯದ ಮಾತೇನಲ್ಲ.

ಕಾನೂನೂ ಇಲ್ಲಿ ಗಾಯಗೊಂಡ ನಾಯಿಯ ನೆರವಿಗೆ ಅಷ್ಟಾಗಿ ಬರುವುದಿಲ್ಲ. ಬೆಂಗಳೂರಿನಲ್ಲಿ ಕಾರಿಗೆ ಸಿಕ್ಕಿ ಸಾಕುನಾಯಿ ಸತ್ತ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ, ಅಜಾಗರೂಕ ಚಾಲನೆಯ ಕಲಂ ಇರುವುದು ಮನುಷ್ಯರ ರಕ್ಷಣೆಗೆ, ಸಾಕುಪ್ರಾಣಿಗೆ ಅದು ಅನ್ವಯಿಸದು ಎಂದು ಚಾಲಕನ ಮೇಲಿನ ಮೊಕದ್ದಮೆ ರದ್ದು ಮಾಡಿತು. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿ ನಾಯಿಗೆ ಗಾಡಿ ಬಡಿಸಿದವರು ನಿಲ್ಲಿಸಲೇಬೇಕು, ಸ್ಥಳದಲ್ಲಿ ವಿವರ ಕೊಡಲಾಗದಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಅಂಥದೊಂದು ನಿಯಮ ನಮ್ಮಲ್ಲೂ ಬರಬೇಕು. ಗಾಡಿ ನಿಂತರೆ ಮೊದಲ ಅರ್ಧ ಗಂಟೆ ಉಳಿಯುತ್ತದೆ.

ನಾಯಿ ಸಾಕಿದವರು, ಬೀದಿನಾಯಿಗೆ ಅನ್ನ ಹಾಕುವವರು ಇವತ್ತೇ ಮಾಡಬಹುದಾದ ಕೆಲಸಗಳಿವೆ. ನಿಮ್ಮ ನಾಯಿ ಆರೋಗ್ಯವಾಗಿರುವಾಗಲೇ ಅದರ ತುಟಿ ಎತ್ತಿ ಒಸಡಿನ ಬಣ್ಣ ನೋಡಿ, ಬೆರಳಿನಿಂದ ಒತ್ತಿ ನೋಡಿ. ಸಹಜ ಬಣ್ಣ ಗೊತ್ತಿದ್ದರೆ ಬಿಳಿಚಿದ್ದು ಕೂಡಲೇ ತಿಳಿಯುತ್ತದೆ. ರಾತ್ರಿ ತೆರೆದಿರುವ ಹತ್ತಿರದ ಪಶು ಆಸ್ಪತ್ರೆ ಯಾವುದೆಂದು ವಿಚಾರಿಸಿ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಮನೆಯಲ್ಲಿ 25 ಕಿಲೋ ಮೀರಿದ ಆರೋಗ್ಯವಂತ ನಾಯಿ ಇದ್ದರೆ ನಿಮ್ಮ ಪಶುವೈದ್ಯರ ಬಳಿ ಅದರ ಉಣ್ಣೆ ಜ್ವರದ ಪರೀಕ್ಷೆ ಮಾಡಿಸಿ, ರಕ್ತದಾನಿಗಳ ಪಟ್ಟಿಗೆ ಹೆಸರು ಬರೆಸಿ.